ಮಗು ಲಗತ್ತಲ್ಲ

ವಾಸದ ಪರವಾನಗಿಗಾಗಿ ವಲಸೆ ಕಚೇರಿಗೆ ಬರುವ ಕಡತಗಳಲ್ಲಿ ಒಂದು ಬಗೆಯದು ವಿಚಿತ್ರವಾಗಿರುತ್ತದೆ. ಮೊದಲ ಪುಟದಲ್ಲಿ ‘ಅರ್ಜಿದಾರರ ಹೆಸರು’ ಎಂಬಲ್ಲಿ ಒಬ್ಬ ತಾಯಿಯ ಹೆಸರು. ಆಕೆ ಆ ದೇಶದವಳಲ್ಲ. ಕೊನೆಯ ಪುಟದಲ್ಲಿ ‘ಲಗತ್ತಿಸಿದ ದಾಖಲೆಗಳು’ ಎಂಬ ಪಟ್ಟಿ: ಪಾಸ್‌ಪೋರ್ಟಿನ ಪ್ರತಿ, ಬಾಡಿಗೆ ಕರಾರು, ಕರೆಂಟ್ ಬಿಲ್ಲು, ಶಾಲೆಯ ಪತ್ರ, ಇವುಗಳ ನಡುವೆ ಒಂದು ಜನನ ಪ್ರಮಾಣಪತ್ರ. ಆ ಪ್ರಮಾಣಪತ್ರದ ಮಗು ಆ ದೇಶದ ಪ್ರಜೆ. ಇಡೀ ಕಡತದಲ್ಲಿ ಆ ನೆಲದ ಮೇಲೆ ಯಾರೂ ಪ್ರಶ್ನಿಸಲಾಗದ ಹಕ್ಕಿರುವುದು ಆ ಮಗುವೊಂದಕ್ಕೇ. ಆದರೆ ಕಡತದಲ್ಲಿ ಮಗು ಅರ್ಜಿದಾರನಲ್ಲ, ಲಗತ್ತು.

ಇದನ್ನು ನಮೂನೆ ತಯಾರಿಸಿದವರ ಅಜಾಗರೂಕತೆ ಎಂದು ತಳ್ಳಿಹಾಕುವಂತಿಲ್ಲ. ಅರ್ಜಿದಾರ ಯಾರು ಎಂಬುದರ ಮೇಲೆಯೇ ಕೇಳುವ ಪ್ರಶ್ನೆ ಬದಲಾಗುತ್ತದೆ. ತಾಯಿ ಅರ್ಜಿದಾರಳಾದರೆ ಸರ್ಕಾರ ಕೇಳುವುದು: ಈಕೆಗೆ ಇಲ್ಲಿರುವ ಯೋಗ್ಯತೆ ಇದೆಯೇ? ಹೇಗೆ ಬಂದಳು, ಎಷ್ಟು ದುಡಿಯುತ್ತಾಳೆ, ಸುಳ್ಳು ಹೇಳಿದ್ದಾಳೆಯೇ? ಮಗು ಅರ್ಜಿದಾರನಾದರೆ ಕೇಳಬೇಕಾದದ್ದು ಬೇರೆ: ಈ ಪ್ರಜೆಯನ್ನು ಅವನ ದೇಶದಲ್ಲಿ ಬೆಳೆಸುವವರು ಯಾರು, ಅವರನ್ನು ಹೊರಗೆ ಕಳಿಸಿದರೆ ಈ ಪ್ರಜೆಯ ಗತಿಯೇನು? ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವುದು ದಯೆ. ಎರಡನೆಯದಕ್ಕೆ ಉತ್ತರ ಕೊಡುವುದು ಕರ್ತವ್ಯ. ಜಗತ್ತಿನ ಹೆಚ್ಚಿನ ಸರ್ಕಾರಗಳು ಮೊದಲನೆಯದನ್ನೇ ಕೇಳುತ್ತವೆ, ಏಕೆಂದರೆ ದಯೆಯನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು.

ಡಬ್ಲಿನ್ನಿನ ಔದಾರ್ಯ

ಈ ಆಟ ಎಷ್ಟು ಬೇಗ ಬದಲಾಗುತ್ತದೆ ಎಂದು ನೋಡಲು ಐರ್ಲೆಂಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ಬಹುಕಾಲ ಹುಟ್ಟಿದ ನೆಲವೇ ಪೌರತ್ವ ಕೊಡುತ್ತಿತ್ತು. 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಆ ಮಾತು ಸಂವಿಧಾನದೊಳಕ್ಕೇ ಹೋಯಿತು. ಮಗು ಐರಿಷ್ ಆದರೆ ಹೆತ್ತವರೇನು? 1990ರ ವರದಿಗಳಲ್ಲಿ ದಾಖಲಾದ ಫಜುಜೋನು ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತ್ತು: ಪ್ರಜೆಯಾದ ಮಗುವಿಗೆ ತನ್ನ ತಂದೆತಾಯಿಯ ಸಂಗ, ಆರೈಕೆ, ಪಾಲನೆಯನ್ನು ತನ್ನ ದೇಶದಲ್ಲಿಯೇ ಪಡೆಯುವ ಹಕ್ಕಿದೆ, ಗಂಭೀರ ಕಾರಣವಿಲ್ಲದೆ ಅದನ್ನು ಮುರಿಯುವಂತಿಲ್ಲ. ತಂದೆ ನೈಜೀರಿಯಾದವನು, ತಾಯಿ ಮೊರೊಕ್ಕೋದವಳು. ಮುಂದಿನ ಹತ್ತು ಹನ್ನೆರಡು ವರ್ಷ ಸಾವಿರಾರು ವಲಸಿಗ ಹೆತ್ತವರಿಗೆ ಆ ತೀರ್ಪಿನ ನೆರಳಿನಲ್ಲಿಯೇ ವಾಸದ ಪರವಾನಗಿ ಸಿಕ್ಕಿತು.

2003ರ ಜನವರಿಯಲ್ಲಿ ಅದೇ ಕೋರ್ಟು ಐದಕ್ಕೆ ಎರಡರ ಬಹುಮತದಿಂದ ದಾರಿ ಬದಲಿಸಿತು. ಝೆಕ್ ದೇಶದ ಒಂದು ರೋಮಾ ಕುಟುಂಬ ಮತ್ತು ಒಂದು ನೈಜೀರಿಯನ್ ಕುಟುಂಬದ ಪ್ರಕರಣ. ಹೆತ್ತವರು ಎಷ್ಟು ಕಾಲದಿಂದ ದೇಶದಲ್ಲಿದ್ದಾರೆ, ಆಶ್ರಯ ವ್ಯವಸ್ಥೆಯ ಶಿಸ್ತು ಏನಾಗುತ್ತದೆ ಎಂಬುದನ್ನು ತೂಗಿ, ಮಗು ಐರಿಷ್ ಆಗಿದ್ದರೂ ಅವರನ್ನು ಗಡೀಪಾರು ಮಾಡಬಹುದು ಎಂದಿತು. ಕೆಲವೇ ವಾರಗಳಲ್ಲಿ ಸರ್ಕಾರ ಮಗುವಿನ ಆಧಾರದ ಅರ್ಜಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಕಚೇರಿಯಲ್ಲಿ ಕೊಳೆಯುತ್ತಿದ್ದ ಸಾವಿರಾರು ಕಡತಗಳು ಒಂದೇ ಏಟಿಗೆ ಅರ್ಥ ಕಳೆದುಕೊಂಡವು.

ಮರುವರ್ಷ ಜನಮತಗಣನೆ. ವಿದೇಶಿ ಹೆಂಗಸರು ಹೆರಿಗೆಗೆಂದೇ ಡಬ್ಲಿನ್ನಿಗೆ ಬರುತ್ತಿದ್ದಾರೆ, ಹೆರಿಗೆ ಆಸ್ಪತ್ರೆಗಳು ಕುಸಿಯುತ್ತಿವೆ ಎಂದು ನ್ಯಾಯ ಸಚಿವ ಮೈಕಲ್ ಮೆಕ್‌ಡವೆಲ್ ವಾದಿಸಿದರು. ತಾವು ಸಂವಿಧಾನ ತಿದ್ದಿ ಎಂದು ಕೇಳಿಲ್ಲ ಎಂದು ಆಸ್ಪತ್ರೆಗಳ ಮುಖ್ಯಸ್ಥರು ಹೇಳಬೇಕಾಯಿತು. 2004ರ ಜೂನ್ 11ರಂದು ಮತ ಹಾಕಿದವರಲ್ಲಿ ಶೇ. 79 ಮಂದಿ ತಿದ್ದುಪಡಿಗೆ ಹೂಂ ಎಂದರು. 2005ರ ಜನವರಿ 1ರಿಂದ, ವಿದೇಶಿ ದಂಪತಿಗೆ ಹುಟ್ಟಿದ ಮಗು ಐರಿಷ್ ಆಗಬೇಕಾದರೆ ಹೆತ್ತವರಲ್ಲಿ ಒಬ್ಬರು ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಅಲ್ಲಿ ಕಾನೂನುಬದ್ಧವಾಗಿ ವಾಸಿಸಿರಬೇಕು.

ಆದರೆ ಅದಕ್ಕೂ ಮೊದಲೇ ಹುಟ್ಟಿ ಪ್ರಜೆಗಳಾಗಿದ್ದ ಮಕ್ಕಳು ಇದ್ದೇ ಇದ್ದರಲ್ಲ? ಅವರ ಹೆತ್ತವರಿಗಾಗಿ ಸರ್ಕಾರ 2005ರಲ್ಲಿ ಒಂದು ವಿಶೇಷ ಯೋಜನೆ ತಂದಿತು. ಮಾರ್ಚ್ 31ರೊಳಗೆ ಅರ್ಜಿ ಹಾಕಬೇಕು. ಸುಮಾರು 18,000 ಅರ್ಜಿ ಬಂದವು, 16,000ಕ್ಕೂ ಹೆಚ್ಚು ಮಂಜೂರಾದವು. ಇಷ್ಟು ಕೇಳಿದರೆ ಒಳ್ಳೆಯ ಕತೆಯೇ. ಆದರೆ ಅರ್ಜಿಯ ಜೊತೆ ಹೆತ್ತವರು ಒಂದು ಘೋಷಣೆಗೆ ಸಹಿ ಹಾಕಬೇಕಿತ್ತು: ಈ ಪರವಾನಗಿಯ ಬಲದ ಮೇಲೆ ಕುಟುಂಬದ ಬೇರೆ ಯಾರನ್ನೂ ಕರೆಸಿಕೊಳ್ಳುವ ಹಕ್ಕು ತಮಗೆ ಬರುವುದಿಲ್ಲ ಎಂಬುದು ತಮಗೆ ಗೊತ್ತಿದೆ ಎಂದು. ಊರಿನಲ್ಲಿ ಉಳಿದ ದೊಡ್ಡ ಮಗಳನ್ನು ಬಿಟ್ಟುಕೊಟ್ಟು, ಮಡಿಲಲ್ಲಿರುವ ಚಿಕ್ಕ ಮಗನ ಜೊತೆ ಇರುವ ಅನುಮತಿ ಪಡೆಯುವ ಲೆಕ್ಕ ಅದು.

ತಿರಸ್ಕೃತರಾದವರು ಕೋರ್ಟಿಗೆ ಹೋದರು. ಮಕ್ಕಳ ಹಕ್ಕನ್ನು ಪರಿಶೀಲಿಸದೆ ತಿರಸ್ಕರಿಸಿದ್ದು ತಪ್ಪು ಎಂದು ಹೈಕೋರ್ಟು ಹೇಳಿತು. 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಯೋಜನೆ ಸರ್ಕಾರದ ಔದಾರ್ಯ. ಮಗುವಿನ ಹಕ್ಕನ್ನು ತೂಗುವ ಜಾಗ ಅದಲ್ಲ, ಅದನ್ನು ಗಡೀಪಾರಿನ ಹಂತದಲ್ಲಿ ನೋಡಿಕೊಳ್ಳಬಹುದು ಎಂಬುದು ಅದರ ಸಾರ. ಅಂದರೆ ಮಗುವಿನ ಹೆಸರಿನಲ್ಲಿ ನಡೆದ ಯೋಜನೆಯಲ್ಲಿ ಮಗುವಿನ ಮಾತೇ ಬರಬೇಕಾಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಇಂಥ ಕಡೆಗೇ ಹುಟ್ಟಿರಬೇಕು. ಸಂವಿಧಾನ ಕೊಟ್ಟದ್ದನ್ನು ಕೌಂಟರಿನ ಹಿಂದಿನ ಕುರ್ಚಿ ಮತ್ತೆ ತೂಗಿ ಕೊಡುತ್ತದೆ.

‘ಮಗುವೂ ಜೊತೆಗೆ ಹೋಗಲಿ’

ಹೆತ್ತವರನ್ನು ಕಳಿಸಿದರೆ ಮಗುವಿನ ಹಕ್ಕಿಗೇನೂ ಧಕ್ಕೆಯಿಲ್ಲ ಎನ್ನುವವರ ಬಳಿ ಒಂದು ವಾದವಿದೆ. ಮಗುವನ್ನು ಯಾರೂ ಓಡಿಸುತ್ತಿಲ್ಲ. ಬೇಕಾದರೆ ಉಳಿಯಲಿ, ಬೇಕಾದರೆ ತಂದೆತಾಯಿಯ ಜೊತೆ ಹೋಗಲಿ, ದೊಡ್ಡದಾದ ಮೇಲೆ ವಾಪಸು ಬರಲಿ.

ಕೇಳಲು ಸರಳವಾಗಿರುವ ಈ ಮಾತು ಮೂರು ವರ್ಷದ ಕೂಸಿನ ಮುಂದೆ ಇಟ್ಟರೆ ಎಷ್ಟು ಪೊಳ್ಳು ಎಂದು ತಿಳಿಯುತ್ತದೆ. ಒಂದು ದೇಶ ತನ್ನ ಪ್ರಜೆಯನ್ನು ಗಡೀಪಾರು ಮಾಡುವಂತಿಲ್ಲ. ಆದರೆ ಆ ಪ್ರಜೆಗೆ ಉಣ್ಣಿಸುವ, ಮಲಗಿಸುವ, ಶಾಲೆಗೆ ಬಿಡುವ ಏಕೈಕ ವ್ಯಕ್ತಿಯನ್ನು ಗಡೀಪಾರು ಮಾಡಿದರೆ ಪ್ರಜೆಯೂ ತಾನಾಗಿಯೇ ಹೊರಟುಹೋಗುತ್ತಾನೆ. ಆದೇಶದಲ್ಲಿ ಅವನ ಹೆಸರಿಲ್ಲ, ವಿಮಾನದಲ್ಲಿ ಅವನಿದ್ದಾನೆ. ಹಡಗಿನಿಂದ ಇಳಿಯಲು ಬಿಟ್ಟು, ಕೆಳಗಿನ ಮೆಟ್ಟಿಲನ್ನು ಕಿತ್ತವರು ‘ಇಳಿಯಬೇಡ ಎಂದು ನಾವು ಹೇಳಲಿಲ್ಲವಲ್ಲ’ ಎಂದ ಹಾಗೆ ಇದು.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದ್ದು ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯ. 2004ರ ಅಕ್ಟೋಬರಿನ ಚೆನ್ ಪ್ರಕರಣದಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿ ಐರಿಷ್ ಪೌರತ್ವ ಪಡೆದ ಕೂಸು, ಚೀನೀ ತಾಯಿ. ಮಗುವಿಗೆ ಪೌರತ್ವ ಸಿಗಲೆಂದೇ ಅಲ್ಲಿ ಹೆತ್ತದ್ದು ಎಂಬುದನ್ನು ಆಕೆ ಮುಚ್ಚಿಡಲಿಲ್ಲ. ಬ್ರಿಟನ್ ಅದನ್ನು ದುರುಪಯೋಗ ಎಂದಿತು. ನ್ಯಾಯಾಲಯ ಒಪ್ಪಲಿಲ್ಲ. ಕಾನೂನು ಕೊಟ್ಟ ಪೌರತ್ವ ಪೌರತ್ವವೇ. ಸಾಕುವ ತಾಯಿಗೆ ಜೊತೆಯಲ್ಲಿರಲು ಬಿಡದಿದ್ದರೆ ಮಗುವಿನ ವಾಸದ ಹಕ್ಕಿಗೆ ಅರ್ಥವೇ ಇರುವುದಿಲ್ಲ ಎಂದಿತು. ಆದರೆ ಆ ಕುಟುಂಬಕ್ಕೆ ಹಣವಿತ್ತು, ಆರೋಗ್ಯ ವಿಮೆಯಿತ್ತು. ಬಡವರ ಮಾತೇನು?

ಅದಕ್ಕೆ ಉತ್ತರ 2011ರ ಮಾರ್ಚ್ 8ರಂದು ಬಂತು. ಕೊಲಂಬಿಯಾದ ರೂಯಿಸ್ ಝಂಬ್ರಾನೊ ಬೆಲ್ಜಿಯಮ್ಮಿನಲ್ಲಿ ಆಶ್ರಯ ಕೇಳಿ ಸಿಗದೆ ಉಳಿದಿದ್ದವರು. ಪರ್ಮಿಟ್ ಇಲ್ಲದೆಯೇ ಕಾರ್ಖಾನೆಯೊಂದರಲ್ಲಿ ದುಡಿದರು, ಸಂಬಳದಿಂದ ಸಾಮಾಜಿಕ ಭದ್ರತೆಯ ವಂತಿಗೆ ಕಡಿತವಾಗುತ್ತಲೇ ಇತ್ತು. ಅಲ್ಲಿ ಹುಟ್ಟಿದ ಇಬ್ಬರು ಮಕ್ಕಳು ಬೆಲ್ಜಿಯಮ್ಮಿನ ಪ್ರಜೆಗಳಾದರು. ಕೆಲಸ ಹೋದಾಗ ನಿರುದ್ಯೋಗ ಭತ್ಯೆ ಕೇಳಿದರೆ, ದುಡಿದದ್ದೇ ಅಕ್ರಮ ಎಂಬ ಉತ್ತರ. ವಂತಿಗೆ ತೆಗೆದುಕೊಳ್ಳುವಾಗ ಆ ಅಕ್ರಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಐರೋಪ್ಯ ನ್ಯಾಯಾಲಯ ಹೇಳಿದ್ದು ಇಷ್ಟು: ಹೆತ್ತವರಿಗೆ ವಾಸ ಮತ್ತು ದುಡಿಮೆಯ ಪರವಾನಗಿ ನಿರಾಕರಿಸಿ, ಅದರಿಂದ ಪ್ರಜೆಗಳಾದ ಮಕ್ಕಳು ಒಕ್ಕೂಟವನ್ನೇ ಬಿಟ್ಟು ಹೋಗಬೇಕಾಗಿ ಬಂದರೆ ಅವರ ಪೌರತ್ವದ ತಿರುಳನ್ನೇ ಕಿತ್ತುಕೊಂಡಂತೆ. ವಾಸವಷ್ಟೇ ಅಲ್ಲ, ದುಡಿಮೆಯೂ ಎಂಬುದನ್ನು ಗಮನಿಸಬೇಕು. ಉಳಿಯಲು ಬಿಟ್ಟು ದುಡಿಯಲು ಬಿಡದಿದ್ದರೆ ಮಗು ತಿನ್ನುವುದೇನು?

ಆಮೇಲೂ ಕಚೇರಿಗಳು ಸುಮ್ಮನಿರಲಿಲ್ಲ. ತಂದೆ ಸ್ಥಳೀಯ, ತಾಯಿ ವಿದೇಶಿ ಎಂದಾದರೆ ‘ತಂದೆ ಇದ್ದಾನಲ್ಲ, ಅವನೇ ನೋಡಿಕೊಳ್ಳಲಿ’ ಎಂಬ ಹೊಸ ಉತ್ತರ ನೆದರ್ಲೆಂಡ್ಸಿನಲ್ಲಿ ತಯಾರಾಯಿತು. ಮಗುವನ್ನು ದಿನವೂ ಸಾಕುತ್ತಿದ್ದವಳು ತಾಯಿಯೇ ಆಗಿದ್ದರೂ ಸರಿ. 2017ರ ಮೇ 10ರ ಚಾವೆಸ್-ವಿಲ್ಚೆಸ್ ತೀರ್ಪು ಅದನ್ನೂ ಮುರಿಯಿತು. ಇನ್ನೊಬ್ಬ ಪಾಲಕ ಸಮರ್ಥನಾಗಿದ್ದಾನೆ ಎನ್ನುವುದು ಒಂದು ಅಂಶ, ಆದರೆ ಅಷ್ಟೇ ಸಾಲದು. ಮಗುವಿನ ವಯಸ್ಸು, ಅದರ ದೈಹಿಕ ಮಾನಸಿಕ ಬೆಳವಣಿಗೆ, ಯಾರಿಗೆ ಎಷ್ಟು ಅಂಟಿಕೊಂಡಿದೆ, ಅಗಲಿಸಿದರೆ ಏನಾಗುತ್ತದೆ ಎಲ್ಲವನ್ನೂ ನೋಡಬೇಕು. ಈ ಮೂರೂ ತೀರ್ಪುಗಳಲ್ಲಿ ಪ್ರಶ್ನೆ ಶುರುವಾಗುವುದು ಮಗುವಿನಿಂದ. ಲಗತ್ತು ಮೊದಲ ಪುಟಕ್ಕೆ ಬಂದಿದೆ. ಹಾಗೆ ಬಂದ ಕೂಡಲೇ ಉತ್ತರವೂ ಬದಲಾಗಿದೆ.

ಇಪ್ಪತ್ತೊಂದು ವರ್ಷದ ಲಂಗರು

ಅಮೆರಿಕದಲ್ಲಿ ಇಂಥ ಮಕ್ಕಳಿಗೆ ಬೈಗುಳದಂಥ ಹೆಸರೊಂದಿದೆ, ‘ಆ್ಯಂಕರ್ ಬೇಬಿ’. ಹೆತ್ತವರ ದೋಣಿ ದಡದಲ್ಲಿ ನಿಲ್ಲಲೆಂದು ಎಸೆದ ಲಂಗರು. ಈ ಪದವನ್ನು ಪುಣೆ, ಹೈದರಾಬಾದಿನ ವಾಟ್ಸ್ಯಾಪ್ ಗುಂಪುಗಳೂ ಲೀಲಾಜಾಲವಾಗಿ ಬಳಸುತ್ತವೆ. ಪದ ಎಷ್ಟು ಸುಳ್ಳು ಎಂದು ತಿಳಿಯಲು ಕಾನೂನು ಓದಿದರೆ ಸಾಕು. ಅಮೆರಿಕನ್ ಪ್ರಜೆಯಾದ ಮಗು ತನ್ನ ತಂದೆತಾಯಿಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಬೇಕಾದರೆ ಅದಕ್ಕೆ 21 ವರ್ಷ ತುಂಬಿರಬೇಕು. ಹೆತ್ತವರು ಗಡಿಯಲ್ಲಿ ತಪಾಸಣೆಯಿಲ್ಲದೆ ಒಳಬಂದವರಾದರೆ 21 ತುಂಬಿದರೂ ಸಾಲದು. ಅವರು ದೇಶ ಬಿಟ್ಟು ಹೊರಗೆ ಹೋಗಿ ವೀಸಾ ಪಡೆಯಬೇಕು, ಹೊರಗೆ ಕಾಲಿಟ್ಟ ಕೂಡಲೇ 1996ರ ಕಾಯ್ದೆಯ 10 ವರ್ಷದ ನಿಷೇಧ ಬಡಿಯುತ್ತದೆ. ಆ ನಿಷೇಧದಿಂದ ವಿನಾಯಿತಿ ಕೇಳಬೇಕಾದರೆ ಯಾರಿಗಾದರೂ ವಿಪರೀತ ಕಷ್ಟವಾಗುತ್ತದೆ ಎಂದು ತೋರಿಸಬೇಕು. ಆ ‘ಯಾರಾದರೂ’ ಗಂಡ ಅಥವಾ ಹೆಂಡತಿ ಆಗಬಹುದು, ಅರ್ಜಿದಾರನ ಸ್ವಂತ ತಂದೆ ಅಥವಾ ತಾಯಿ ಆಗಬಹುದು. ಮಗು ಆ ಪಟ್ಟಿಯಲ್ಲಿಯೇ ಇಲ್ಲ.

ಗಡೀಪಾರಿನ ಕೋರ್ಟಿನಲ್ಲಿ ಮಾತ್ರ ಮಗುವಿನ ಕಷ್ಟಕ್ಕೆ ಸ್ವಲ್ಪ ಬೆಲೆ. 10 ವರ್ಷ ಸತತವಾಗಿ ಅಲ್ಲಿದ್ದು, ನಡತೆ ಚೆನ್ನಾಗಿದ್ದು, ಮಗುವಿಗೆ ಅಸಾಧಾರಣವಾದ, ತೀರಾ ಅಪರೂಪದ ಕಷ್ಟವಾಗುತ್ತದೆ ಎಂದು ಸಾಬೀತು ಮಾಡಿದರೆ ರದ್ದು ಸಿಗಬಹುದು. ಅದಕ್ಕೂ ಇಡೀ ದೇಶಕ್ಕೆ ವರ್ಷಕ್ಕೆ 4,000ದ ಮಿತಿ. ತಾಯಿಯಿಂದ ಅಗಲಿದ ಮಗುವಿಗೆ ಆಗುವ ಮಾಮೂಲಿ ಕಷ್ಟ, ಅಳು, ಜ್ವರ, ಶಾಲೆ ತಪ್ಪುವುದು, ಇವೆಲ್ಲ ಸಾಕಾಗುವುದಿಲ್ಲ. ಹೀಗಿರುವಾಗ ಲಂಗರು ಎಲ್ಲಿದೆ? ಇಪ್ಪತ್ತೊಂದು ವರ್ಷ ನೀರಿಗೇ ಇಳಿಯದ ಲಂಗರನ್ನು ನಂಬಿ ಯಾವ ಅಂಬಿಗ ದೋಣಿ ಬಿಡುತ್ತಾನೆ?

ಕಾಗದಪತ್ರ ಸರಿಯಿದ್ದವರ ಪಾಡೂ ದೊಡ್ಡದಾಗಿ ಬೇರೆಯಲ್ಲ. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಎಚ್-1ಬಿ ಮೇಲಿರುವ ಕನ್ನಡಿಗ ದಂಪತಿಗೆ ಅಲ್ಲಿಯೇ ಹುಟ್ಟಿದ ಎಂಟು ವರ್ಷದ ಮಗಳಿದ್ದಾಳೆ ಎನ್ನೋಣ. ದುಡಿಯುವವರ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತದಲ್ಲಿ ಹುಟ್ಟಿದವರು ಶೇ. 7ರ ದೇಶವಾರು ಮಿತಿಯಿಂದಾಗಿ ವರ್ಷಗಟ್ಟಲೆ ನಿಂತಿರುತ್ತಾರೆ. ಆ 60 ದಿನಗಳ ಲೆಕ್ಕದಲ್ಲಿ ಮಗಳು ಪ್ರಜೆ ಎಂಬುದಕ್ಕೆ ಒಂದು ದಿನದ ತೂಕವೂ ಇಲ್ಲ. ತಮ್ಮನ್ನು ಮೆಕ್ಸಿಕೋದ ಕೂಲಿಯವನಿಂದ ಬೇರೆ ಜಾತಿ ಎಂದು ತಿಳಿದ ಎಂಜಿನಿಯರಿಗೂ ಆ ಕೂಲಿಯವನಿಗೂ ಈ ಒಂದು ವಿಷಯದಲ್ಲಿ ಕಾನೂನು ಒಂದೇ ಮಾತು ಹೇಳುತ್ತದೆ: ಮಗುವಿನ ಮಾತು ಆಮೇಲೆ.

ಅದೇ 2004

ಇಲ್ಲಿಯವರೆಗೆ ತಲೆದೂಗಿದವರು ಭಾರತದ ಕಾನೂನನ್ನೂ ಒಮ್ಮೆ ತೆರೆದು ನೋಡಬೇಕು. 1955ರ ಪೌರತ್ವ ಕಾಯ್ದೆಯ ಮೂಲ ರೂಪದಲ್ಲಿ, 1950ರ ಜನವರಿ 26ರ ನಂತರ ಈ ನೆಲದಲ್ಲಿ ಹುಟ್ಟಿದ ಮಗು ಭಾರತದ ಪ್ರಜೆ. 1987ರ ಜುಲೈ 1ರಿಂದ ಹೆತ್ತವರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದಾಯಿತು. ಐರ್ಲೆಂಡ್ ಬಾಗಿಲು ಮುಚ್ಚಿದ ವರ್ಷವೇ, 2004ರ ಡಿಸೆಂಬರ್ 3ರಿಂದ, ಭಾರತ ಇನ್ನೊಂದು ಅಗುಳಿ ಹಾಕಿತು: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ‘ಅಕ್ರಮ ವಲಸಿಗ’ ಆಗಿರಬಾರದು. ಗಡಿ ನುಸುಳಿ ಬಂದವರಷ್ಟೇ ಅಕ್ರಮ ವಲಸಿಗರಲ್ಲ. ಸರಿಯಾದ ವೀಸಾದಲ್ಲಿ ಬಂದು ಅವಧಿ ಮೀರಿ ಉಳಿದವರೂ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಅಂದರೆ ಭಾರತೀಯ ತಂದೆಗೆ ಭಾರತದಲ್ಲಿಯೇ ಹುಟ್ಟಿದ ಮಗು, ತಾಯಿಯ ವೀಸಾ ಮುಗಿದಿತ್ತು ಎಂಬ ಕಾರಣಕ್ಕೆ, ಜನ್ಮದಿಂದ ಭಾರತೀಯ ಅಲ್ಲ. ಐರ್ಲೆಂಡ್ ಕೂಡ ತನ್ನ ಪ್ರಜೆಯ ಮಗುವಿಗೆ ಹೀಗೆ ಮಾಡಲಿಲ್ಲ.

ಮಗು ಭಾರತೀಯವೇ ಆದರೂ ವಿದೇಶಿ ತಾಯಿಯ ಪಾಡೇನು? ಭಾರತೀಯನನ್ನು ಮದುವೆಯಾಗಿ, ಮದುವೆ ನೋಂದಾಯಿಸಿ ಎರಡು ವರ್ಷವಾದರೆ ಆಕೆಗೆ ಓಸಿಐ ಕಾರ್ಡ್ ಸಿಗುತ್ತದೆ, ಸಂಗಾತಿ ಎಂಬ ಆಧಾರದ ಮೇಲೆ. ಮದುವೆ ಮುರಿದುಬಿದ್ದರೆ ಕಾಯ್ದೆಯ 7ಡಿ ಕಲಮಿನಡಿ ಆ ಕಾರ್ಡನ್ನು ರದ್ದು ಮಾಡಬಹುದು. ಮಗು ಬೆಂಗಳೂರಿನಲ್ಲಿ ಮೂರನೆಯ ಇಯತ್ತೆಯಲ್ಲಿರಲಿ, ಕೋರ್ಟು ಮಗುವನ್ನು ತಾಯಿಯ ಸುಪರ್ದಿಗೇ ಕೊಟ್ಟಿರಲಿ, ಕಾರ್ಡಿನ ಆಧಾರ ಗಂಡನಾದ್ದರಿಂದ ಗಂಡ ಹೋದ ಮೇಲೆ ಕಾರ್ಡೂ ಹೋಗುತ್ತದೆ. ಆಮೇಲೆ ವಿದೇಶಿಯರ ನೋಂದಣಿ ಕಚೇರಿಗೆ ಅಲೆದು ವೀಸಾ ವಿಸ್ತರಣೆ ಕೇಳಬೇಕು. ಅದು ಅಧಿಕಾರಿಯ ವಿವೇಚನೆ, ಮತ್ತೆ ಅದೇ ದಯೆ.

ಓಸಿಐ ಯಾರಿಗೆ ಸಿಗುತ್ತದೆ ಎಂದು ಹೇಳುವ 7ಎ ಕಲಮಿನಲ್ಲಿ ಒಂದು ವಿಚಿತ್ರವಿದೆ. ತಂದೆ ಅಥವಾ ತಾಯಿ ಭಾರತೀಯರಾದರೆ ವಿದೇಶಿ ಪೌರತ್ವದ ಅಪ್ರಾಪ್ತ ಮಗುವಿಗೆ ಕಾರ್ಡ್ ಸಿಗುತ್ತದೆ. ಮಗು ಭಾರತೀಯವಾದರೆ ವಿದೇಶಿ ತಾಯಿಗೆ ಅಥವಾ ತಂದೆಗೆ ಸಿಗುವುದಿಲ್ಲ. ದೊಡ್ಡವರಿಂದ ಮಗುವಿಗೆ ಹಕ್ಕು ಹರಿದುಬರುತ್ತದೆ, ಮಗುವಿನಿಂದ ಮೇಲಕ್ಕೆ ಏನೂ ಹರಿಯುವುದಿಲ್ಲ. ಪೌರತ್ವ ನೋಂದಣಿಯ 5ನೇ ಕಲಮಿನಲ್ಲೂ ಅಷ್ಟೇ: ಗಂಡ ಹೆಂಡತಿಯ ಮಾತಿದೆ, ಅಪ್ರಾಪ್ತ ಮಕ್ಕಳ ಮಾತಿದೆ, ‘ಭಾರತೀಯ ಮಗುವಿನ ತಾಯಿ’ ಎಂಬ ವರ್ಗವಿಲ್ಲ. ತಾಯ್ನಾಡು, ಭಾರತಾಂಬೆ ಎಂದು ದಿನಕ್ಕೆ ಹತ್ತು ಸಲ ಹೇಳುವ ದೇಶದ ಕಾನೂನಿನಲ್ಲಿ ತಾಯಿ ಎಂಬುದು ಒಂದು ಆಧಾರವೇ ಅಲ್ಲ. ಹೆಂಡತಿ ಎಂಬುದು ಮಾತ್ರ ಆಧಾರ.

ಆಕ್ಷೇಪಗಳು

ಹೀಗೆ ಬಿಟ್ಟರೆ ಗಡಿಗೆ ಅರ್ಥವೇನು, ಎಲ್ಲರೂ ಬಂದು ಹೆತ್ತು ಕೂರುತ್ತಾರೆ ಎಂಬುದು ಮೊದಲ ಆಕ್ಷೇಪ. ಯಾರಿಗೆ ಪೌರತ್ವ ಕೊಡಬೇಕು ಎಂಬುದನ್ನು ದೇಶಗಳು ತೀರ್ಮಾನಿಸಿಕೊಳ್ಳಲಿ, ಇಲ್ಲಿನ ಜಗಳ ಅದಲ್ಲ. ಕೊಟ್ಟ ಮೇಲೆ ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳುವಂತಿಲ್ಲ ಎಂಬುದಷ್ಟೇ ವಾದ. ಒಂದು ದೇಶ ಮಗುವಿಗೆ ‘ನೀನು ನಮ್ಮವನು’ ಎಂದು ಬರೆದುಕೊಟ್ಟ ಮೇಲೆ ಅದನ್ನು ಸಾಕುವವರಿಗೆ ‘ನೀನು ನಡೆ’ ಎನ್ನುವುದು ಆನೆ ಕೊಟ್ಟು ಅಂಕುಶಕ್ಕೆ ಜಗಳ ತೆಗೆದಂತೆ.

ಅಪರಾಧಿಗಳನ್ನೂ ಇಟ್ಟುಕೊಳ್ಳಬೇಕೇ ಎಂಬುದು ಎರಡನೆಯದು. ಇದಕ್ಕೂ ಐರೋಪ್ಯ ನ್ಯಾಯಾಲಯ 2016ರಲ್ಲಿ ಉತ್ತರಿಸಿದೆ. ಹಳೆಯ ಶಿಕ್ಷೆಯೊಂದಿದೆ ಎಂದ ಮಾತ್ರಕ್ಕೆ ತಾನೇ ತಾನಾಗಿ ನಿರಾಕರಿಸುವಂತಿಲ್ಲ. ಆ ವ್ಯಕ್ತಿಯಿಂದ ಸಮಾಜಕ್ಕೆ ಇಂದು ನಿಜವಾದ ಅಪಾಯವಿದ್ದರೆ, ಮಗುವಿನ ಹಿತವನ್ನೂ ತೂಗಿ ನಿರ್ಧರಿಸಬೇಕು. ಬಾಗಿಲಿಗೆ ಚಿಲಕ ಉಳಿದೇ ಇದೆ. ಆದರೆ ಚಿಲಕ ಹಾಕುವವನು ಕಾರಣ ಹೇಳಬೇಕು.

‘ಕಾನೂನು ಮುರಿದವರಿಗೆ ಬಹುಮಾನವೇ?’ ಎಂಬುದು ಮೂರನೆಯದು. ತಪ್ಪಿಗೆ ಶಿಕ್ಷೆ ಆಗಬೇಕಾದರೆ ತಪ್ಪು ಮಾಡಿದವರಿಗೆ ಆಗಲಿ, ದಂಡ ಹಾಕಲಿ. ತಾಯಿಯ ವೀಸಾ ಮುಗಿದದ್ದಕ್ಕೆ ಮಗುವಿನ ಊರು, ಶಾಲೆ, ಭಾಷೆ ಕಿತ್ತುಕೊಳ್ಳುವುದು ಯಾವ ನ್ಯಾಯ?

ಕೇಳಬೇಕಾದದ್ದು

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಇದೆಲ್ಲ ದೂರದ ಮಾತಾಗಬಾರದು. ಕಲಬುರಗಿಯಿಂದ ಪುಣೆಗೆ, ಉಡುಪಿಯಿಂದ ಮುಂಬಯಿಗೆ ಹೋದವರು ಯಾವ ಕೌಂಟರಿನಲ್ಲೂ ವಾಸದ ಪರವಾನಗಿ ಕೇಳಲಿಲ್ಲ. 1966ರಲ್ಲಿ ಹುಟ್ಟಿದ ಶಿವಸೇನೆ ಮುಂಬಯಿಯ ದಕ್ಷಿಣ ಭಾರತೀಯರನ್ನು ಹೊರಗಿನವರೆಂದು ಗುರಿ ಮಾಡಿದಾಗ, ಉಡುಪಿ ಹೋಟೆಲುಗಳ ಗಾಜು ಒಡೆದಾಗ, ಅವರ ಕಾಲಡಿಯ ನೆಲ ಜಾರದಂತೆ ಹಿಡಿದಿದ್ದ ಕಾನೂನು ಸಂವಿಧಾನದ 19ನೇ ವಿಧಿ: ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕು. ಅದು ಯಾರೋ ತೋರಿದ ಔದಾರ್ಯವಾಗಿದ್ದರೆ ಆಗಲೇ ಹೋಗಿಬಿಡುತ್ತಿತ್ತು. ದಯೆಗೂ ಹಕ್ಕಿಗೂ ಇರುವ ಅಂತರ ಎಷ್ಟು ಎಂದು ಆ ತಲೆಮಾರಿನವರನ್ನು ಕೇಳಿದರೆ ಹೇಳುತ್ತಾರೆ.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಬೇಕು. ಎಲ್ಲ ದೇಶಗಳಲ್ಲೂ ಇಂಥ ಅರ್ಜಿಯ ಮೊದಲ ಸಾಲಿನಲ್ಲಿ ಮಗುವಿನ ಹೆಸರಿರಲಿ, ನಿರಾಕರಿಸಿದರೆ ಅದರಿಂದ ಮಗುವಿಗೆ ಆಗುವುದೇನು ಎಂಬುದನ್ನು ಅಧಿಕಾರಿ ಬರವಣಿಗೆಯಲ್ಲಿ ಹೇಳಲಿ. ಅರ್ಜಿ ತೀರ್ಮಾನವಾಗುವವರೆಗೆ ಹೆತ್ತವರಿಗೆ ದುಡಿಯುವ ಅನುಮತಿ ಇರಲಿ. ಭಾರತದಲ್ಲಿ 7ಎ ಕಲಮಿಗೆ ‘ಅಪ್ರಾಪ್ತ ಭಾರತೀಯ ಪ್ರಜೆಯ ತಂದೆ ಅಥವಾ ತಾಯಿ’ ಎಂಬ ಒಂದು ಉಪಕಲಮು ಸೇರಲಿ. ಭಾರತೀಯ ಮಗುವನ್ನು ಸಾಕುತ್ತಿರುವವರ ಕಾರ್ಡನ್ನು ವಿಚ್ಛೇದನದ ಕಾರಣಕ್ಕೆ ರದ್ದು ಮಾಡುವಂತಿಲ್ಲ ಎಂದು 7ಡಿ ತಿದ್ದುಪಡಿಯಾಗಲಿ. ಒಬ್ಬ ಪಾಲಕರ ವೀಸಾ ದೋಷ ಇನ್ನೊಬ್ಬ ಭಾರತೀಯ ಪಾಲಕರ ಮಗುವಿನ ಪೌರತ್ವವನ್ನು ನುಂಗುವ 3ನೇ ಕಲಮಿನ ಸಾಲು ಹೋಗಲಿ. ಎಚ್-1ಬಿ ಸಾಲಿನ ಅನ್ಯಾಯದ ಬಗ್ಗೆ ತಮ್ಮ ಸಂಸದರಿಗೆ ಪತ್ರ ಬರೆಯುವ ಕುಟುಂಬಗಳು ಅದೇ ಪತ್ರದಲ್ಲಿ ಈ ಮೂರು ಕಲಮುಗಳನ್ನೂ ಸೇರಿಸಲಿ. ಟೆಕ್ಸಾಸಿನ ಮೊಮ್ಮಗಳಿಗೆ ಕೇಳುವ ನ್ಯಾಯವನ್ನು ಬೆಂಗಳೂರಿನಲ್ಲಿರುವ ವಿದೇಶಿ ತಾಯಿಯ ಮಗುವಿಗೂ ಕೇಳದಿದ್ದರೆ, ಆ ಪತ್ರ ನ್ಯಾಯದ ಮಾತಲ್ಲ, ಸ್ವಂತ ಮನೆಯ ಲೆಕ್ಕ ಅಷ್ಟೇ.